ಊರಿಗೆ ಮರಳಿದ ಕರಡಿ

ಜರ್ಮನಿಯ ನೈಋತ್ಯ ಭಾಗದಲ್ಲಿರುವ ವ್ಯುರ್ಟೆಂಬರ್ಗ್ ಸೀಮೆಯ ಹೆಸರನ್ನು ನಮ್ಮ ಕಾಸರಗೋಡಿನ ಕಡೆಯಲ್ಲಿ ಕೇಳಿದವರು ವಿರಳ. ಆದರೆ ಆ ಸೀಮೆಗೂ ನಮಗೂ ಇರುವ ನಂಟು ಹಳೆಯದು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅಲ್ಲಿನ ಬ್ರಾಕೆನ್‌ಹೈಮ್ ಎಂಬ ಪುಟ್ಟ ಊರಿನಲ್ಲಿ. ಬಾಸೆಲ್ ಮಿಶನ್ನಿನ ಮೂಲಕ ನಮ್ಮ ಕರಾವಳಿಗೆ ಬಂದವರಲ್ಲಿ ಅನೇಕರು ಅದೇ ಸೀಮೆಯ ಮಕ್ಕಳು. ಆ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ನೇತ್ರಾವತಿಯ ದಡದಲ್ಲಿ ಆರಂಭಿಸಿದ ಹೆಂಚಿನ ಉದ್ಯಮದ ಫಲ ಇಂದಿಗೂ ನಮ್ಮ ಹಳೆಯ ಮನೆಗಳ ಮಾಡಿನ ಮೇಲಿದೆ.

ಕಳೆದ ಬೇಸಗೆಯ ರಜೆಯಲ್ಲಿ ನಾವು ಆ ಸೀಮೆಯನ್ನು ಕಣ್ಣಾರೆ ಕಾಣುವ ಯೋಗ ಒದಗಿತು. ನಮ್ಮ ಹಿರಿಯ ಮಗನು ಅದರ ಮುಖ್ಯ ಪಟ್ಟಣವಾದ ಶ್ಟುಟ್‌ಗಾರ್ಟಿನಲ್ಲಿ ಯಂತ್ರಶಿಲ್ಪಿಯಾಗಿ ಉದ್ಯೋಗದಲ್ಲಿದ್ದಾನೆ. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿ, ಶಾಲೆಯ ಬೀಗದ ಕೈಯನ್ನು ಸಹೋದ್ಯೋಗಿಗಳಿಗೆ ಒಪ್ಪಿಸಿ, ಮಡದಿಯೊಡನೆ ಅಲ್ಲಿಗೆ ಹೋದೆವು. ಐದು ವಾರಗಳ ಆ ವಾಸದಲ್ಲಿ ಕಂಡದ್ದು ಬಹಳ. ಅವೆಲ್ಲವನ್ನೂ ಬರೆಯಹೊರಟರೆ ಸಂಪಾದಕರಿಗೂ ವಾಚಕರಿಗೂ ತೊಂದರೆಯಾದೀತು. ಒಂದೇ ಒಂದು ದಿನದ ರೈಲು ಪ್ರಯಾಣವನ್ನು ಇಲ್ಲಿ ನಿವೇದಿಸುತ್ತೇವೆ. ಏಕೆಂದರೆ ಆ ಒಂದು ದಾರಿಯಲ್ಲಿ, ಪರದೇಶಕ್ಕೆ ಹೋದ ಕೆಲಸ ಊರಿಗೆ ಏಕೆ ಮರಳುತ್ತದೆ, ಏಕೆ ಮರಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರದ ಒಂದೊಂದು ತುಣುಕು ಒಂದೊಂದು ನಿಲ್ದಾಣದಲ್ಲಿ ದೊರೆಯಿತು. ಗಡಿನಾಡಿನ ನಮಗೆ, ಮನೆಗೊಬ್ಬರಂತೆ ಮಕ್ಕಳನ್ನು ಹೊರಗೆ ಕಳುಹಿಸಿ ಕುಳಿತವರಿಗೆ, ಈ ಪ್ರಶ್ನೆ ತೀರ ಪರಕೀಯವಾದುದಲ್ಲ.

ಬೆಳಗಿನ ಹೊತ್ತಿಗೆ ಶ್ಟುಟ್‌ಗಾರ್ಟಿನಿಂದ ಹೊರಟೆವು. ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಮತ್ತು ನಾವಿಬ್ಬರು. ಉಲ್ಮ್ ನಗರಕ್ಕೆ ಹೋಗಲು 2022ರ ಕೊನೆಯಲ್ಲಿ ತೆರೆದ ಅತಿವೇಗದ ಹೊಸ ಮಾರ್ಗವೊಂದಿದೆ. ಅದು ಸುಮಾರು ಅರ್ಧದಷ್ಟು ದೂರ ಸುರಂಗಗಳೊಳಗೆ ಸಾಗುವುದರಿಂದ ಊರು ನೋಡಬೇಕೆನ್ನುವವರಿಗೆ ಹೇಳಿದ್ದಲ್ಲ. ಆದ್ದರಿಂದ ಪ್ರತಿ ಊರಿಗೂ ಮುಖ ತೋರಿಸುತ್ತ ಹೋಗುವ ಹಳೆಯ ಮಾರ್ಗವನ್ನೇ ಹಿಡಿದೆವು. ಬಲಬದಿಗೂ ಎಡಬದಿಗೂ ನೆಕ್ಕಾರ್ ನದಿಯ ಕಣಿವೆ. ದಿಣ್ಣೆಗಳ ಮೈಗೆ ದ್ರಾಕ್ಷಿಯ ತೋಟಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ನಮ್ಮ ಗುಡ್ಡದ ಅಡಿಕೆ ತೋಟಗಳ ಅಗಳುಗಳೂ ಕಟ್ಟೆಗಳೂ ನೆನಪಾದವು. ಸ್ವಲ್ಪ ಹೊತ್ತಿನಲ್ಲಿ ಎಸ್ಲಿಂಗೆನ್ ಬಂದಿತು. ಮೋಗ್ಲಿಂಗರು ತಮ್ಮ ಕೊನೆಯ ದಿನಗಳನ್ನು ಕಳೆದು 1881ರಲ್ಲಿ ಕಣ್ಣು ಮುಚ್ಚಿದ್ದು ಆ ಊರಿನಲ್ಲಿ. ಗಾಡಿ ನಿಂತ ಒಂದು ನಿಮಿಷದಷ್ಟು ಹೊತ್ತು ಕಿಟಕಿಯ ಕಡೆಗೆ ತಿರುಗಿ ಕುಳಿತೆವು. ಕನ್ನಡ ಕಲಿಸಿ ಅನ್ನ ತಿನ್ನುವವರು ಆ ಹೆಸರಿಗೆ ಸಲ್ಲಿಸಬಹುದಾದ ಗೌರವ ಅಷ್ಟಾದರೂ ಇರಲಿ ಎಂದು.

ಪ್ಲೋಖಿಂಗೆನ್ ಎಂಬಲ್ಲಿ ನೆಕ್ಕಾರನ್ನು ಬಿಟ್ಟು ಫಿಲ್ಸ್ ಎಂಬ ಚಿಕ್ಕ ಹೊಳೆಯ ಕಣಿವೆಯನ್ನು ರೈಲು ಹೊಕ್ಕಿತು. ಸೇಬಿನ ಮರಗಳು ಹೂ ಬಿಟ್ಟ ಕಾಲ. ಹುಲ್ಲುಗಾವಲುಗಳ ನಡುವೆ ಬಿಳಿಯ ಕೊಡೆಗಳನ್ನು ಬಿಡಿಸಿ ನಿಲ್ಲಿಸಿದಂತೆ ತೋರುತ್ತಿತ್ತು. ಆ ಕಣಿವೆಯ ಗೆಪ್ಪಿಂಗೆನ್ ಎಂಬ ಪಟ್ಟಣದಲ್ಲಿ ನಮ್ಮ ಮೊದಲ ತಂಗು.

ಗೆಪ್ಪಿಂಗೆನ್ ಆಟದ ರೈಲಿನ ಊರು. 1859ರಲ್ಲಿ ಮೆರ್ಕ್ಲೀನ್ ಎಂಬ ತಗಡಿನ ಕೆಲಸಗಾರನೊಬ್ಬನು ಇಲ್ಲಿ ಹೆಣ್ಣುಮಕ್ಕಳ ಆಟಕ್ಕೆಂದು ಪುಟ್ಟ ಪುಟ್ಟ ಅಡುಗೆಯ ಪಾತ್ರೆಗಳನ್ನು ಮಾಡತೊಡಗಿದನು. ಅವುಗಳನ್ನು ಊರೂರಿಗೆ ಹೊತ್ತೊಯ್ದು ಮಾರಿದವಳು ಅವನ ಹೆಂಡತಿ ಕಾರೋಲೀನೆ. ಅವರ ಮಕ್ಕಳ ಕಾಲದಲ್ಲಿ, 1891ರಲ್ಲಿ, ಲೈಪ್‌ತ್ಸಿಗ್ ಸಂತೆಯಲ್ಲಿ ಹಳಿಗಳ ಸಮೇತ ಓಡುವ ಆಟದ ರೈಲನ್ನು ಈ ಸಂಸ್ಥೆ ಪ್ರದರ್ಶಿಸಿತು. ಅಲ್ಲಿಂದೀಚೆಗೆ ಜರ್ಮನಿಯ ಎಷ್ಟೋ ಮನೆಗಳಲ್ಲಿ ತಂದೆಯೂ ಮಗನೂ ನೆಲದ ಮೇಲೆ ಬೋರಲು ಮಲಗಿ ಆಡಿದ್ದು ಈ ಊರಿನ ರೈಲುಗಳಲ್ಲಿ. ಇವು ಕೇವಲ ಗೊಂಬೆಗಳಲ್ಲ, ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲಿನ ಅಳತೆಗೆ, ಒಂದೊಂದು ಮೊಳೆಯೂ ಕೈಹಿಡಿಯೂ ಅದರದರ ಸ್ಥಾನದಲ್ಲಿರುವಂತೆ ಮಾಡಿದವು. ಮೊಮ್ಮಗಳು ಗಾಜಿಗೆ ಮೂಗು ಒತ್ತಿ ನಿಂತವಳು ಅಲ್ಲಿಂದ ಕದಲಲೊಲ್ಲಳು.

ಈ ಸಂಸ್ಥೆಗೂ ಕಷ್ಟಕಾಲ ಬಂದಿತು. ಮಕ್ಕಳ ಮನಸ್ಸು ವಿದ್ಯುನ್ಮಾನ ಆಟಗಳತ್ತ ಹರಿಯಿತು. ಖರ್ಚನ್ನು ತಗ್ಗಿಸಲೆಂದು ತಯಾರಿಕೆಯ ಒಂದು ಭಾಗವನ್ನು ಚೀನಕ್ಕೆ ಕೊಟ್ಟರು. 2006ರಲ್ಲಿ ಸಂಸ್ಥೆಯು ಕುಟುಂಬದವರ ಕೈಯಿಂದ ಹೊರಗಿನ ಬಂಡವಾಳಗಾರರ ಕೈ ಸೇರಿತು. 2009ರ ಫೆಬ್ರವರಿಯಲ್ಲಿ, ನೂರೈವತ್ತು ವರ್ಷ ತುಂಬಬೇಕಾದ ವರ್ಷದಲ್ಲಿಯೇ, ದಿವಾಳಿಯ ಅರ್ಜಿಯನ್ನು ಹಾಕಬೇಕಾಯಿತು. ಆದರೆ ಸಂಸ್ಥೆ ಅಳಿಯಲಿಲ್ಲ. ಚೀನಕ್ಕೆ ಕೊಟ್ಟಿದ್ದ ಕೆಲಸವನ್ನು ಗೆಪ್ಪಿಂಗೆನ್ನಿಗೂ, ಹಂಗೆರಿ ದೇಶದ ಗ್ಯೋರ್ ಪಟ್ಟಣದಲ್ಲಿದ್ದ ತನ್ನ ಇನ್ನೊಂದು ಕಾರ್ಖಾನೆಗೂ ಮರಳಿಸಿಕೊಂಡು ಚೇತರಿಸಿತು. 2013ರಲ್ಲಿ ಜರ್ಮನಿಯದೇ ಆದ ಆಟಿಕೆಯ ಮನೆತನವೊಂದು ಅದನ್ನು ಕೊಂಡುಕೊಂಡಿತು.

ಕಡಿಮೆ ಸಂಬಳದ ನಾಡನ್ನು ಬಿಟ್ಟು ಹೆಚ್ಚಿನ ಸಂಬಳದ ನಾಡಿಗೆ ಕೆಲಸ ಮರಳುವುದೆಂದರೆ ನೀರು ಗುಡ್ಡ ಹತ್ತಿದಂತಲ್ಲವೆ ಎಂದು ಮಗನನ್ನು ಕೇಳಿದೆವು. ಅವನು ಯಂತ್ರಗಳ ನಡುವೆ ಇರುವವನು. “ಅಪ್ಪಾ, ಒಂದೇ ಬಗೆಯ ಲಕ್ಷ ಸಾಮಾನು ಬೇಕಾದರೆ ದೂರದಲ್ಲಿ ಮಾಡಿಸಬಹುದು. ನೂರು ಬಗೆಯ ಎಂಜಿನ್, ಒಂದೊಂದರಲ್ಲಿ ಕೆಲವು ಸಾವಿರ ಮಾತ್ರ ಬೇಕಾದರೆ, ನಕ್ಷೆ ಬರೆಯುವವನೂ ಅಚ್ಚು ಮಾಡುವವನೂ ಒಂದೇ ಅಂಗಳದಲ್ಲಿರಬೇಕು. ಒಂದು ತಪ್ಪಾದರೆ ಇಲ್ಲಿ ಮೆಟ್ಟಿಲಿಳಿದು ಹೋಗಿ ತೋರಿಸಿದರಾಯಿತು. ಅಲ್ಲಿಗಾದರೆ ಕಾಗದ ಬರೆಯಬೇಕು, ವಿಮಾನ ಹತ್ತಬೇಕು, ಅಷ್ಟರೊಳಗೆ ಅದೇ ತಪ್ಪು ಸಾವಿರ ಸಲ ಆಗಿರುತ್ತದೆ” ಎಂದನು. ಕಾಪಿ ಪುಸ್ತಕದ ಮೊದಲ ಸಾಲಿನ ತಪ್ಪನ್ನು ಕೂಡಲೇ ತಿದ್ದದಿದ್ದರೆ ಪುಟದ ತುಂಬ ಅದೇ ತಪ್ಪು ಇಳಿಯುವುದನ್ನು ಮೂವತ್ತು ವರ್ಷ ನೋಡಿದ ನಮಗೆ ಆ ಮಾತು ಚೆನ್ನಾಗಿ ಮನಸ್ಸಿಗೆ ಹತ್ತಿತು.

ಮತ್ತೆ ರೈಲು. ಫಿಲ್ಸ್ ಕಣಿವೆ ಕಿರಿದಾಗುತ್ತ ಹೋಗಿ, ಸುಣ್ಣದ ಕಲ್ಲಿನ ಎತ್ತರವಾದ ಬೆಟ್ಟದ ಬುಡದಲ್ಲಿ ಗೈಸ್ಲಿಂಗೆನ್ ಎಂಬ ಊರು ಸಿಗುತ್ತದೆ. ಇಲ್ಲಿಂದ ಹಳಿಗಳು ಶ್ವಾಬಿಯದ ಮಲೆಯನ್ನು ಏರುತ್ತವೆ. 1850ರಲ್ಲಿ ತೆರೆದ ಈ ಘಾಟಿಯ ಏರು ಸುಮಾರು 44 ಅಡಿಗೆ ಒಂದು ಅಡಿಯಷ್ಟು. ನಮ್ಮ ಸುಬ್ರಹ್ಮಣ್ಯ–ಸಕಲೇಶಪುರದ ಘಾಟಿಯ ಏರು 50ಕ್ಕೆ ಒಂದು ಎಂದು ನೆನೆದರೆ ಇದರ ಕಡಿದುತನ ತಿಳಿದೀತು. ಅಲ್ಲಿಯಂತೆ ಇಲ್ಲಿಯೂ ಭಾರದ ಗಾಡಿಗಳನ್ನು ಹಿಂದಿನಿಂದ ಇನ್ನೊಂದು ಎಂಜಿನ್ ನೂಕುವ ವಾಡಿಕೆ ಇತ್ತು.

ಗೈಸ್ಲಿಂಗೆನ್ 1853ರಿಂದ ಲೋಹದ ಪಾತ್ರೆ ಪಡಗಗಳಿಗೆ ಹೆಸರಾದ ಊರು. ಇಲ್ಲಿನ ಡಬ್ಲ್ಯು.ಎಂ.ಎಫ್. ಎಂಬ ಕಾರ್ಖಾನೆಯ ಚಮಚ, ಚೂರಿ, ಬೋಗುಣಿಗಳು ಯುರೋಪಿನ ಮನೆಮನೆಗಳಲ್ಲಿವೆ. ಆದರೆ ಇಲ್ಲಿನ ಕಥೆ ಗೆಪ್ಪಿಂಗೆನ್ನಿನದಕ್ಕೆ ವಿರುದ್ಧವಾದುದು. 2016ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದು ಈ ಕಾರ್ಖಾನೆಯನ್ನು ಕೊಂಡಿತು. 2019ರಲ್ಲಿ, ಅಡುಗೆಯ ಪಾತ್ರೆಗಳ ತಯಾರಿಕೆಯನ್ನು ಈ ಊರಿನಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿತು. ದೊಡ್ಡ ಹೋಟೆಲುಗಳಲ್ಲಿ ಬಳಸುವ ಕಾಫಿ ಯಂತ್ರಗಳ ಕೆಲಸ ಮಾತ್ರ ಇಲ್ಲಿಯೇ ಉಳಿಯಿತು. ಪಾತ್ರೆ ಹೋಯಿತು, ಯಂತ್ರ ನಿಂತಿತು. ನೂರಾರು ಸೂಕ್ಷ್ಮ ಭಾಗಗಳನ್ನು ಜೋಡಿಸಿ, ಕೆಟ್ಟರೆ ರಿಪೇರಿ ಮಾಡಿಕೊಡಬೇಕಾದ ವಸ್ತುವಿಗೆ ಊರು ಬೇಕು. ಅಚ್ಚಿನಲ್ಲಿ ಒತ್ತಿ ತೆಗೆಯುವ ವಸ್ತುವಿಗೆ ಯಾವ ಊರಾದರೂ ಆದೀತು. ಒಂದೇ ಕಣಿವೆಯಲ್ಲಿ ಹದಿನಾರು ಹದಿನೇಳು ಕಿಲೋಮೀಟರುಗಳ ಅಂತರದಲ್ಲಿ ಒಂದು ಊರಿಗೆ ಕೆಲಸ ಮರಳಿತು, ಇನ್ನೊಂದು ಊರಿನಿಂದ ತೆರಳಿತು. ಎರಡು ಕಡೆಯ ಸಂಬಳವೂ ಒಂದೇ, ಕಾಯಿದೆಯೂ ಒಂದೇ. ಆದ್ದರಿಂದ ಸಂಬಳದ ಲೆಕ್ಕವೊಂದರಿಂದಲೇ ಈ ಹೋಗುವಿಕೆ ಬರುವಿಕೆಗಳು ಅರ್ಥವಾಗುವುದಿಲ್ಲವೆಂಬುದನ್ನು ಆ ಘಾಟಿ ಏರುವಾಗಲೇ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡೆವು.

ಮಲೆಯನ್ನು ದಾಟಿದರೆ ಡ್ಯಾನ್ಯೂಬ್ ನದಿಯ ದಡದ ಉಲ್ಮ್. ಐನ್‌ಸ್ಟೈನರು 1879ರಲ್ಲಿ ಹುಟ್ಟಿದ ನಗರ. 161.5 ಮೀಟರ್ ಎತ್ತರದ ಗೋಪುರದಿಂದಾಗಿ ಬಹುಕಾಲ ಜಗತ್ತಿನ ಅತ್ಯುನ್ನತವೆನಿಸಿಕೊಂಡಿದ್ದ ಇಗರ್ಜಿ ಇಲ್ಲಿದೆ. ಅದನ್ನು ಕತ್ತೆತ್ತಿ ನೋಡಿ, ಮನೆಯಿಂದ ತಂದ ಚಿತ್ರಾನ್ನವನ್ನು ನದಿಯ ಬದಿಯ ಬೆಂಚಿನ ಮೇಲೆ ಉಂಡು, ಬ್ರೆಂಟ್ಸ್ ಹೊಳೆಯ ಗುಂಟ ಹೋಗುವ ಚಿಕ್ಕ ರೈಲನ್ನು ಹತ್ತಿದೆವು. ಗೋಧಿಯ ಹೊಲಗಳ ನಡುವೆ ಅವಸರವಿಲ್ಲದೆ ಸಾಗಿದ ಆ ರೈಲು ನಮ್ಮನ್ನು ಗೀಂಗೆನ್ ಎಂಬ ಊರಿನಲ್ಲಿ ಇಳಿಸಿತು. ಇಪ್ಪತ್ತು ಸಾವಿರದಷ್ಟು ಜನಸಂಖ್ಯೆ. ಕೆಂಪು ಹೆಂಚಿನ ಕಡಿದಾದ ಮಾಡುಗಳು. 1803ರವರೆಗೆ ಯಾವ ಅರಸನಿಗೂ ಅಧೀನವಾಗದೆ ಸಾಮ್ರಾಟನಿಗೆ ಮಾತ್ರ ತಲೆಬಾಗುತ್ತಿದ್ದ ಸ್ವತಂತ್ರ ಪಟ್ಟಣವಾಗಿತ್ತಂತೆ. ಆ ಗತ್ತು ಬೀದಿಗಳಲ್ಲಿ ಇನ್ನೂ ಸ್ವಲ್ಪ ಉಳಿದಂತಿದೆ.

ಈ ಊರಿನಲ್ಲಿ 1847ರಲ್ಲಿ ಮಾರ್ಗರೆಟೆ ಶ್ಟೈಫ್ ಎಂಬ ಹೆಣ್ಣುಮಗು ಹುಟ್ಟಿತು. ಒಂದೂವರೆ ವರ್ಷದ ಮಗುವಾಗಿದ್ದಾಗ ಪೋಲಿಯೊ ತಗಲಿ ಎರಡೂ ಕಾಲುಗಳ ಶಕ್ತಿ ಉಡುಗಿತು. ಬಲಗೈಯೂ ಸರಿಯಾಗಿ ಏಳದು. ಮಗುವನ್ನು ಕೈಗಾಡಿಯಲ್ಲಿ ಕೂರಿಸಿ ಎಳೆದುಕೊಂಡು ಶಾಲೆಗೆ ಒಯ್ಯುತ್ತಿದ್ದರು. ಅವಳು ಛಲದಿಂದ ಹೊಲಿಗೆ ಕಲಿತಳು. ಹೊಲಿಗೆಯ ಯಂತ್ರ ತಂದಾಗ ಅದರ ಚಕ್ರವನ್ನು ಬಲಗೈಯಿಂದ ತಿರುಗಿಸಲಾಗದೆ, ಯಂತ್ರವನ್ನೇ ಹಿಂದುಮುಂದಾಗಿ ಇರಿಸಿ ಎಡಗೈಯಿಂದ ತಿರುಗಿಸಿದಳು. 1877ರಲ್ಲಿ, ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್ ಬಟ್ಟೆಯ ಉಡುಪುಗಳ ಅಂಗಡಿಯನ್ನು ತೆರೆದಳು. 1879ರ ಕೊನೆಯಲ್ಲಿ ಮಹಿಳೆಯರ ಪತ್ರಿಕೆಯೊಂದರಲ್ಲಿ ಆನೆಯ ನಕ್ಷೆಯೊಂದು ಅಚ್ಚಾಗಿತ್ತು. ಅದನ್ನು ನೋಡಿ, ಸೂಜಿ ಚುಚ್ಚಿಡುವ ಸಲುವಾಗಿ ಫೆಲ್ಟಿನ ಪುಟ್ಟ ಆನೆಯನ್ನು ಹೊಲಿದಳು. ಸೂಜಿಗಾಗಿ ಮಾಡಿದ ಆನೆಯನ್ನು ಮಕ್ಕಳು ಆಟಕ್ಕೆ ಕಸಿದುಕೊಂಡರು. 1880ರಲ್ಲಿ ಆಟಿಕೆಯ ಉದ್ಯಮ ಹುಟ್ಟಿದ್ದು ಹೀಗೆ. ಮನೆಮಂದಿಯ ಪತ್ರಿಕೆಯೊಂದರ ಒಂದು ಪುಟ ಏನೇನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಸಂಪಾದಕರಿಗೂ ಸಿಗಲಾರದು.

1902ರಲ್ಲಿ ಅವಳ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗನಾದ ರಿಖಾರ್ಡ್, ಮೊಹೇರ್ ಎಂಬ ಆಡಿನ ಕೂದಲಿನ ಬಟ್ಟೆಯಿಂದ, ಕೈಕಾಲು ಆಡಿಸಬಹುದಾದ 55 ಸೆಂಟಿಮೀಟರ್ ಎತ್ತರದ ಕರಡಿಯೊಂದನ್ನು ರೂಪಿಸಿದನು. 1903ರ ಲೈಪ್‌ತ್ಸಿಗ್ ಸಂತೆಯಲ್ಲಿ ಅಮೇರಿಕದ ವ್ಯಾಪಾರಿಯೊಬ್ಬನು ಮೂರು ಸಾವಿರ ಕರಡಿಗಳನ್ನು ಬೇಡಿದನು. ಅಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರ ಮುದ್ದಿನ ಹೆಸರಿನಿಂದ ಇಂಥ ಕರಡಿಗಳಿಗೆ ‘ಟೆಡ್ಡಿ’ ಎಂಬ ಹೆಸರಾಯಿತು. 1907ನೆಯ ಒಂದೇ ವರ್ಷದಲ್ಲಿ ಗೀಂಗೆನ್ನಿನಲ್ಲಿ ತಯಾರಾದ ಕರಡಿಗಳು 9,74,000. ಬೇರೆಯವರು ನಕಲು ಮಾಡತೊಡಗಿದಾಗ, 1904ರಿಂದ ಪ್ರತಿಯೊಂದು ಪ್ರಾಣಿಯ ಕಿವಿಗೂ ಒಂದು ಲೋಹದ ಗುಂಡಿಯನ್ನು ಹಚ್ಚುವ ಪದ್ಧತಿ ಬಂದಿತು. ಮಾರ್ಗರೆಟೆ 1909ರಲ್ಲಿ ತೀರಿಕೊಂಡರೂ ಗುಂಡಿ ಇಂದಿಗೂ ಕಿವಿಯಲ್ಲಿದೆ.

ಕಾರ್ಖಾನೆಯ ಆವರಣದಲ್ಲಿ 1903ರಲ್ಲಿ ಕಟ್ಟಿದ ಒಂದು ಕಟ್ಟಡ ನಮ್ಮ ಗಮನವನ್ನು ಸೆಳೆಯಿತು. ಉಕ್ಕಿನ ಹಂದರಕ್ಕೆ ನೆಲದಿಂದ ಮಾಡಿನವರೆಗೆ ಎರಡು ಪದರ ಗಾಜು. ಹೊಲಿಯುವವರ ಕಣ್ಣಿಗೆ ದಣಿವಾಗದಂತೆ ಬೆಳಕು ಬರಲೆಂದು ಹೀಗೆ ಕಟ್ಟಿದರಂತೆ. ಒಳಗೆ ಕೆಲಸ ಮಾಡುವ ಹುಡುಗಿಯರೆಲ್ಲ ಹೊರಗಿನವರಿಗೆ ಕಾಣುತ್ತಿದ್ದುದರಿಂದ ಊರಿನವರು ಅದಕ್ಕೆ ‘ಕನ್ಯೆಯರ ಮೀನುತೊಟ್ಟಿ’ ಎಂದು ಅಡ್ಡಹೆಸರಿಟ್ಟರು. ಗಾಳಿ ಬೆಳಕು ಸಾಲದ ತರಗತಿಯ ಕೋಣೆಗಳಲ್ಲಿ ಪಾಠ ಮಾಡಿದ ನಾವು ಅದರೆದುರು ಬಹಳ ಹೊತ್ತು ನಿಂತೆವು.

ಪಕ್ಕದಲ್ಲಿ 2005ರಲ್ಲಿ ತೆರೆದ ವಸ್ತುಸಂಗ್ರಹಾಲಯವಿದೆ. ಕರಡಿ ಹೊಲಿಯುವ ಬಗೆಯನ್ನು ಒಬ್ಬ ಹೆಂಗಸು ತೋರಿಸುತ್ತಿದ್ದಳು. ಮಾತೆಲ್ಲ ಜರ್ಮನ್ ಭಾಷೆಯಲ್ಲಿ. ಸೊಸೆ ಅದನ್ನು ನಮಗೆ ಕನ್ನಡಿಸಿ ಹೇಳಿದಳು. ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹೊಲಿಯಬೇಕು. ಆಮೇಲೆ ಮಗುಚಿ, ತುಂಬಿ, ಬೆನ್ನಿನ ಬಾಯನ್ನು ಕೈಯಿಂದ ಮುಚ್ಚಬೇಕು. ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಎಳೆಎಳೆಯಾಗಿ ಬಿಡಿಸಬೇಕು. ಕೊನೆಗೆ ಕಣ್ಣು. ಕಣ್ಣು ಕೂದಲೆಳೆಯಷ್ಟು ಅತ್ತಿತ್ತಾದರೆ ಕರಡಿಯ ಮುಖದ ಮುಗ್ಧತೆ ಹೋಗಿ ಮಂಕು ಬರುತ್ತದೆ. ನಮ್ಮ ಮಡದಿ ಮೂವತ್ತು ವರ್ಷಗಳಿಂದ ಊರಿನ ಹುಡುಗಿಯರಿಗೆ ರವಕೆ ಹೊಲಿಯುವುದನ್ನು ಕಲಿಸುತ್ತ ಬಂದವಳು. ಅವಳು ಕರಡಿಯನ್ನು ತಿರುವಿ, ಬೆನ್ನಿನ ಹೊಲಿಗೆಯನ್ನು ಹುಡುಕಿ ಹುಡುಕಿ ಕಾಣದೆ, “ಇದನ್ನು ಕಲಿಯಲು ಎಷ್ಟು ಸಮಯ ಬೇಕೆಂದು ಕೇಳು” ಎಂದಳು. “ತಿಂಗಳುಗಟ್ಟಲೆ ಬೇಕಂತೆ ಅತ್ತೆ. ಕೆಲವು ಕರಡಿಗಳಿಗೆ ಒಂದು ವರ್ಷವೂ ಹಿಡಿಯುತ್ತದಂತೆ” ಎಂದು ಸೊಸೆ ತಿಳಿಸಿದಳು. ಮಡದಿ ತಲೆದೂಗಿದಳು. ಭಾಷೆ ಬಾರದ ಆ ಇಬ್ಬರೂ ಬೆರಳುಗಳಲ್ಲಿ ಬಹಳ ಮಾತಾಡಿಕೊಂಡರು.

ಈ ಗೀಂಗೆನ್ನಿನ ಸಂಸ್ಥೆಯೂ ಈ ಶತಮಾನದ ಆರಂಭದಲ್ಲಿ ತನ್ನ ತಯಾರಿಕೆಯ ಒಂದು ಭಾಗವನ್ನು ಚೀನಕ್ಕೆ ಕೊಟ್ಟಿತ್ತು. 2008ರಲ್ಲಿ, ಅಲ್ಲಿಂದ ಹಿಂದೆಗೆಯುವುದಾಗಿ ಸಾರಿತು. ಆಗ ಅದೊಂದು ಸೋಜಿಗದ ಸುದ್ದಿ. ಜಗತ್ತಿನ ಆಟಿಕೆಗಳ ಬಹುಪಾಲು ಚೀನದಲ್ಲಿ ತಯಾರಾಗುತ್ತಿದ್ದಾಗ ಇದೊಂದು ಕರಡಿ ಮಾತ್ರ ಪ್ರವಾಹಕ್ಕೆ ಎದುರಾಗಿ ಈಜಿ ಊರಿಗೆ ಮರಳಿತಲ್ಲ ಎಂದು. ಕಾರಣಗಳನ್ನು ಪಾಠದ ಕ್ರಮದಲ್ಲಿ ಬಿಡಿಸಿ ನೋಡೋಣ.

ಮೊದಲನೆಯದು, ಕಲಿಕೆಯ ಕಾಲ. ಚೀನದ ಕೈಗಳಲ್ಲಿ ಕುಶಲತೆ ಇಲ್ಲವೆಂದು ಯಾರೂ ಹೇಳಲಾರರು. ರೇಷ್ಮೆ, ಪಿಂಗಾಣಿಗಳನ್ನು ಜಗತ್ತಿಗೆ ಕೊಟ್ಟ ಕೈಗಳವು. ಆದರೆ ಕಾರ್ಖಾನೆಯ ಹುಡುಗಿಯರು ದೂರದ ಹಳ್ಳಿಗಳಿಂದ ದುಡಿಯಬಂದವರು. ಪಕ್ಕದ ಕಾರ್ಖಾನೆಯಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕಿದರೆ ಅಲ್ಲಿಗೆ ಹೋಗುವರು. ಅದು ಅವರ ತಪ್ಪಲ್ಲ. ನಮ್ಮ ಊರಿನ ಹುಡುಗರೂ ಹಾಗೆಯೇ ಹೋಗುತ್ತಾರೆ. ಆದರೆ ಕಲಿಯಲು ಒಂದು ವರ್ಷ ಬೇಕಾದ ಕೆಲಸದಲ್ಲಿ ಕಲಿತವರು ವರ್ಷದೊಳಗೆ ಹೊರಟರೆ, ಶಾಲೆಯಲ್ಲಿ ಸದಾ ಒಂದನೆಯ ತರಗತಿಯೇ ನಡೆಯುತ್ತಿರುತ್ತದೆ.

ಎರಡನೆಯದು, ದಾರಿ. ಚೀನದಿಂದ ಜರ್ಮನಿಗೆ ಹಡಗಿನಲ್ಲಿ ಬರಲು ಒಂದು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೊಲಿಯಲು, ಬಂದರಿಗೆ ತರಲು, ಇಳಿಸಲು ಬೇಕಾದ ದಿನಗಳು ಬೇರೆ. ಬರ್ಲಿನ್ನಿನ ಮೃಗಾಲಯದಲ್ಲಿ 2006ರ ಡಿಸೆಂಬರಿನಲ್ಲಿ ಕ್ನೂಟ್ ಎಂಬ ಹಿಮಕರಡಿಯ ಮರಿ ಹುಟ್ಟಿತು. ತಾಯಿ ತೊರೆದ ಆ ಮರಿಯನ್ನು ಮನುಷ್ಯರು ಬಾಟಲಿಯ ಹಾಲು ಕೊಟ್ಟು ಸಾಕಿದರು. 2007ರ ವಸಂತದಲ್ಲಿ ನಾಡಿಗೆ ನಾಡೇ ಅದರ ಹುಚ್ಚು ಹಿಡಿಸಿಕೊಂಡಿತು. ಶ್ಟೈಫ್ ಸಂಸ್ಥೆಯೂ ಕ್ನೂಟ್ ಗೊಂಬೆಗಳನ್ನು ಮಾಡಿತು. ಇಂಥ ಹೊತ್ತಿನಲ್ಲಿ ಗೊಂಬೆಯು ಸಮುದ್ರದ ಮೇಲೆ ತೇಲುತ್ತ ಕುಳಿತರೆ, ಅದು ಅಂಗಡಿಗೆ ಬರುವಷ್ಟರಲ್ಲಿ ಮರಿಯು ಬೆಳೆದು ದೊಡ್ಡ ಕರಡಿಯಾಗಿರುತ್ತದೆ. ದೀಪಾವಳಿಯ ಪಟಾಕಿ ಸುಬ್ರಹ್ಮಣ್ಯ ಷಷ್ಠಿಗೆ ಬಂದಂತೆ.

ಮೂರನೆಯದು, ಹೆಸರು. ಅಂಗೈಯಗಲದ ಒಂದು ಕರಡಿಗೆ ಅವರು ಕೇಳುವ ಬೆಲೆ ನಮ್ಮ ಊರಿನ ತೋಟದಾಳಿನ ಹಲವು ದಿನಗಳ ಕೂಲಿ. ಜನ ಅದನ್ನು ಕೊಡುತ್ತಾರೆ. ಅಜ್ಜಿಯ ಕರಡಿಯನ್ನು ಮೊಮ್ಮಗಳು ಆಡಿಸುತ್ತಾಳೆಂಬ ನಂಬಿಕೆಗಾಗಿ ಕೊಡುತ್ತಾರೆ. 2007ರಲ್ಲಿ ಬೇರೊಂದು ದೊಡ್ಡ ಸಂಸ್ಥೆಗಾಗಿ ಚೀನದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು, ಬಣ್ಣದಲ್ಲಿ ಸೀಸವಿತ್ತೆಂದೂ ಇತರ ದೋಷಗಳಿದ್ದವೆಂದೂ, ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ತಾಯಂದಿರು ಅಂಜಿದರು. ಬೆಲೆಯಲ್ಲಿ ಸ್ಪರ್ಧಿಸುವವನು ಆ ಅಂಜಿಕೆಯನ್ನು ತಾಳಿಕೊಂಡಾನು. ನಂಬಿಕೆಯನ್ನೇ ಮಾರುವವನು ತಾಳಲಾರನು.

ನಾಲ್ಕನೆಯದು, ಸಂಬಳದ ಅಂತರ ಕಿರಿದಾದದ್ದು. ಚೀನದಲ್ಲಿ ಕೂಲಿ ವರ್ಷವರ್ಷಕ್ಕೂ ಏರಿತು. ಅದು ಅಲ್ಲಿನ ಬಡವರ ಭಾಗ್ಯ. ಆದರೆ ಅಗ್ಗದ ಕೂಲಿಯೊಂದನ್ನೇ ನಂಬಿ ಹೋದವರಿಗೆ, ಹಡಗಿನ ಬಾಡಿಗೆ, ತಪಾಸಣೆ, ತಿರಸ್ಕೃತ ಮಾಲು ಎಲ್ಲವನ್ನೂ ಕೂಡಿಸಿದಾಗ, ಲೆಕ್ಕದ ಕೊನೆಯ ಸಾಲಿನಲ್ಲಿ ಉಳಿತಾಯವೆಂಬುದು ಅಷ್ಟೇನೂ ಕಾಣಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಶ್ಟೈಫ್ ಸಂಸ್ಥೆಯ ಕರಡಿಗಳೆಲ್ಲವೂ ಗೀಂಗೆನ್ನಿನಲ್ಲಿ ಹೊಲಿದವುಗಳಲ್ಲ. ಆಫ್ರಿಕದ ಉತ್ತರದ ಟ್ಯುನೀಸಿಯ ದೇಶದಲ್ಲಿಯೂ ಅದರ ಹೊಲಿಗೆಯ ಮನೆಯಿದೆ. ಅಲ್ಲಿಂದ ಮೆಡಿಟರೇನಿಯನ್ ದಾಟಿದರೆ ಯುರೋಪು, ಕೆಲವೇ ದಿನಗಳ ದಾರಿ. ಆಟದ ರೈಲಿನ ಕೆಲಸವೂ ಅರ್ಧ ಹಂಗೆರಿಗೆ ಹೋಯಿತೆಂದು ಮೇಲೆ ಹೇಳಿದ್ದೇವೆ. ಆದ್ದರಿಂದ ‘ಊರಿಗೆ ಮರಳಿತು’ ಎಂದರೆ ಅನೇಕ ಸಲ ‘ಊರಿನ ಹತ್ತಿರಕ್ಕೆ ಮರಳಿತು’ ಎಂದೇ ಅರ್ಥ. ಹೋದವುಗಳಿಗೆ ಹೋಲಿಸಿದರೆ ಬಂದವುಗಳ ಸಂಖ್ಯೆಯೂ ಕಿರಿದು.

ಇನ್ನೊಂದು ನಿದರ್ಶನವನ್ನು ಮಗ ಹೇಳಿದನು. ಗೀಂಗೆನ್ನಿನ ಉತ್ತರಕ್ಕೆ, ಬವೇರಿಯದಲ್ಲಿ, ಆನ್ಸ್‌ಬಾಖ್ ಎಂಬ ಊರು. ಅಡಿಡಾಸ್ ಎಂಬ ಪಾದರಕ್ಷೆಯ ಸಂಸ್ಥೆಯು, ತಾನು ಏಷ್ಯಕ್ಕೆ ಕಳುಹಿಸಿದ್ದ ಕೆಲಸವನ್ನು ಜರ್ಮನಿಗೆ ಮರಳಿಸುವುದಾಗಿ ಸಾರಿ, ಅಲ್ಲಿ ಯಂತ್ರಮಾನವರೇ ಬೂಟು ಮಾಡುವ ಹೊಸ ಬಗೆಯ ಕಾರ್ಖಾನೆಯನ್ನು ತೆರೆಯಿತು. ಪತ್ರಿಕೆಗಳು ಹಾಡಿ ಹೊಗಳಿದವು. ಆದರೆ 2019ರ ನವೆಂಬರಿನಲ್ಲಿ, ಅದನ್ನೂ ಅಮೇರಿಕದ ಅಟ್ಲಾಂಟದಲ್ಲಿದ್ದ ಅದರ ಜೋಡಿಯನ್ನೂ ಮುಚ್ಚುವುದಾಗಿ ಪ್ರಕಟಿಸಿತು. ಅಲ್ಲಿ ಕಲಿತ ವಿಧಾನಗಳನ್ನು ಚೀನ, ವಿಯೆಟ್ನಾಂಗಳ ಕಾರ್ಖಾನೆಗಳಲ್ಲಿ ಬಳಸುವುದೆಂದು ನಿಶ್ಚಯವಾಯಿತು. ಬೂಟು ಹೊಲಿಯುವ ಕೈಗಳು ಜರ್ಮನಿಯಲ್ಲಿ ಹಿಂದಿನ ತಲೆಮಾರಿನಲ್ಲಿಯೇ ಚದುರಿಹೋಗಿದ್ದವು. ತೊಗಲು, ದಾರ, ಅಟ್ಟೆ ಪೂರೈಸುವವರೂ, ನುರಿತ ಮೇಸ್ತ್ರಿಗಳೂ ಈಗ ಏಷ್ಯದಲ್ಲಿ ನೆಲೆಸಿದ್ದರು. ಬೇರನ್ನು ಅಲ್ಲಿ ಬಿಟ್ಟು ಕೊಂಬೆಯೊಂದನ್ನು ತಂದು ಇಲ್ಲಿ ನೆಟ್ಟರೆ ಎಷ್ಟು ದಿನ ಹಸುರಾಗಿರುತ್ತದೆ?

ಈ ಎರಡು ಕಥೆಗಳನ್ನು ಎದುರೆದುರು ಇಟ್ಟಾಗ ನಮಗೆ ಹೊಳೆದದ್ದು ಇದು. ಕರಡಿ ಮರಳಿತು, ಏಕೆಂದರೆ ಗೀಂಗೆನ್ನಿನಲ್ಲಿ ಕರಡಿ ಹೊಲಿಯುವ ಕೈಗಳು ಇನ್ನೂ ಇದ್ದವು. ತಯಾರಿಕೆಯ ಒಂದು ಭಾಗವನ್ನು ಹೊರಗೆ ಕೊಟ್ಟಾಗಲೂ ಉಳಿದ ಭಾಗವನ್ನು ಊರಿನಲ್ಲಿ ಇರಿಸಿಕೊಂಡಿದ್ದರು. ಮುದುಕಿ ಹುಡುಗಿಗೆ ಕಲಿಸುವ ಕ್ರಮ ತಪ್ಪಿರಲಿಲ್ಲ. ಬೂಟಿನ ವಿಷಯದಲ್ಲಿ ಆ ಸರಪಳಿ ಕಡಿದಿತ್ತು. ಸರಕಾರದ ಸಹಾಯ, ಸುಂಕ, ಯಂತ್ರ ಎಲ್ಲವೂ ಬೇಕು ನಿಜ. ಆದರೆ ಊರಿನಲ್ಲಿ ಆ ಕೆಲಸ ಬಲ್ಲವರು ಹತ್ತು ಮಂದಿಯಾದರೂ ಉಳಿದಿರದಿದ್ದರೆ, ಮರಳಿ ಬಂದ ಕೆಲಸ ನಿಲ್ಲಲು ನೆಲೆ ಇರುವುದಿಲ್ಲ.

ನಮ್ಮ ನಾಡಿನ ಕಡೆಗೆ ತಿರುಗಿ ನೋಡಿದರೆ ಮಂಗಳೂರು ಹೆಂಚಿನ ಕಾರ್ಖಾನೆಗಳಲ್ಲಿ ಅನೇಕವು ಬಾಗಿಲು ಮುಚ್ಚಿವೆ. ಅವು ಬೇರೆ ದೇಶಕ್ಕೆ ಹೋದವುಗಳಲ್ಲ. ಭಾರವಾದ ಹೆಂಚನ್ನು ಹೊತ್ತೊಯ್ಯುವವರಾರು? ಕಾಂಕ್ರೀಟು ಮಾಡಿನ ಮನೆಗಳೆದುರು ಸೋತು ನಿಂತಲ್ಲೇ ನಿಂದವು. ಆದರೆ ಕಾಸರಗೋಡು ಸೀರೆಯ ಕಥೆ ಇನ್ನೂ ಮುಗಿದಿಲ್ಲ. ಶಾಲಿಯರು ತಲೆಮಾರುಗಳಿಂದ ನೇಯ್ದ ಆ ನವಿರಾದ ಹತ್ತಿಯ ಸೀರೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಶ್ಟೈಫ್ ಕರಡಿಯ ಕಿವಿಯ ಗುಂಡಿಯಂತೆಯೇ ಅದು. ಇತರರು ನಕಲು ಮಾಡಿ ಆ ಹೆಸರಿನಲ್ಲಿ ಮಾರುವಂತಿಲ್ಲ. ಗುಂಡಿ ಬಂದಿದೆ, ಆದರೆ ಮಗ್ಗದ ಮುಂದೆ ಕೂರುವವರಲ್ಲಿ ತಲೆ ನರೆತವರೇ ಹೆಚ್ಚು.

ಭಾಷೆಯ ವಿಷಯವೂ ಇದಕ್ಕಿಂತ ಭಿನ್ನವಲ್ಲ. 1956ರಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿದ ಬಳಿಕ ಎಷ್ಟೋ ತಲೆಮಾರುಗಳ ಮಕ್ಕಳು ಕನ್ನಡ ಕಲಿತು, ಮಲೆಯಾಳವನ್ನೂ ಇಂಗ್ಲಿಷನ್ನೂ ಕಲಿತು, ಬೆಂಗಳೂರು, ಮುಂಬಯಿ, ಗಲ್ಫು, ಜರ್ಮನಿಗಳಿಗೆ ಹೋಗಿದ್ದಾರೆ. ಹೋಗಬಾರದೆಂದು ಹೇಳುವ ಅಧಿಕಾರ ನಮಗಿಲ್ಲ. ನಮ್ಮ ಮನೆಯ ಮಗನೇ ಹೋಗಿದ್ದಾನೆ. ಅವರಲ್ಲಿ ಕೆಲವರು ಎಂದಾದರೂ ಮರಳಿಯಾರು. ಆ ದಿನ ಅವರ ಮಕ್ಕಳಿಗೆ ಕಾಗುಣಿತ ತಿದ್ದಿಸುವ ಒಂದು ಶಾಲೆ, ತಿದ್ದಿಸಬಲ್ಲ ಒಬ್ಬ ಅಧ್ಯಾಪಿಕೆ ಇಲ್ಲಿ ಉಳಿದಿರಬೇಕು. ಈ ವರ್ಷ ಒಂದನೆಯ ತರಗತಿಗೆ ಸೇರಿದವರು ಹದಿಮೂರು ಮಂದಿ. ಹದಿಮೂರು ಸಾಲದೆಂದು ಕೊರಗುವವರಿಗೆ ಗೀಂಗೆನ್ನಿನ ಹೊಲಿಗೆಯ ಹೆಂಗಸರ ಕಥೆಯನ್ನು ಹೇಳುತ್ತಿದ್ದೇವೆ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೂರನೆಯ ವಾರ, ಏಳನೆಯ ತರಗತಿಯ ಮಕ್ಕಳನ್ನು ನೇಯ್ಗೆಯ ಮನೆಯೊಂದಕ್ಕೆ ಕರೆದೊಯ್ದೆವು. ಹೊರಗೆ ಜಡಿಮಳೆ. ಒಬ್ಬ ಹಿರಿಯರು ಮಗ್ಗವನ್ನು ನಿಲ್ಲಿಸಿ, ಕಡಿದ ನೂಲೊಂದನ್ನು ಗಂಟು ಕಾಣದಂತೆ ಕೂಡಿಸುವ ಬಗೆಯನ್ನು ತೋರಿಸಿಕೊಟ್ಟರು. ಒಬ್ಬೊಬ್ಬರಾಗಿ ಮಕ್ಕಳೂ ಪ್ರಯತ್ನಿಸಿದರು. ಹೆಚ್ಚಿನ ಗಂಟುಗಳು ದಪ್ಪವಾದವು, ಕೆಲವು ಬಿಚ್ಚಿಹೋದವು. ಹಿರಿಯರು ಬೇಸರಿಸದೆ ಅವುಗಳನ್ನು ಬಿಚ್ಚಿ ಮತ್ತೆ ಮತ್ತೆ ತೋರಿಸಿದರು. ಕೊನೆಯಲ್ಲಿ ಒಬ್ಬ ಹುಡುಗಿ ಕೂಡಿಸಿದ ನೂಲನ್ನು ಬೆರಳುಗಳ ನಡುವೆ ಎಳೆದು ನೋಡಿ, ಏನೂ ಹೇಳದೆ, ಅದನ್ನು ಹಾಗೆಯೇ ಮಗ್ಗಕ್ಕೆ ಬಿಟ್ಟು ನೇಯತೊಡಗಿದರು. ಮುಂದಿನ ತಿಂಗಳು ಮತ್ತೆ ಬರುವುದಾಗಿ ಹೇಳಿ ಬಂದಿದ್ದೇವೆ.